ತೆಂಗಿನ ಪುಟಕ್ಕೆ ಕೂದಲ ಬಣ್ಣದ ಜಾಹೀರಾತು: ಸಣ್ಣ ಕನ್ನಡ ಸೈಟಿಗೆ ಯಾವ ಕಾರ್ಯಕ್ರಮ ಸರಿ?

ತಿಪಟೂರು ತೆಂಗು

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಹತ್ತಿರದ ಹಳ್ಳಿಯವಳು. ಐದು ವರ್ಷದಿಂದ ತೆಂಗಿನ ಬಗ್ಗೆ ಕನ್ನಡದಲ್ಲಿ ಒಂದು ವೆಬ್‌ಸೈಟ್ ನಡೆಸುತ್ತಿದ್ದೇನೆ. ಹರಾಜು ನಡೆದ ದಿನ ಸಂಜೆ ಕೊಬ್ಬರಿ ರೇಟು ಹಾಕುತ್ತೇನೆ. ಉಳಿದ ದಿನ ರೋಗ, ಗೊಬ್ಬರ, ಸಸಿ, ಅಟ್ಟದ ಮೇಲೆ ಕಾಯಿ ಕಾಪಾಡುವುದು, ಇಂಥದ್ದೆಲ್ಲ ಬರೆಯುತ್ತೇನೆ. ತಿಂಗಳಿಗೆ ಸುಮಾರು 40,000 ಸಲ ಪುಟಗಳು ತೆರೆಯುತ್ತವೆ. ಓದುವವರು ಹೆಚ್ಚಿನವರು ತಿಪಟೂರು, ತುರುವೇಕೆರೆ, ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆಯವರು. ಎಲ್ಲರೂ ಫೋನಿನಲ್ಲೇ ನೋಡುವವರು.

ಹೋದ ವರ್ಷದಿಂದ ಒಂದು ಜಾಹೀರಾತು ಕಾರ್ಯಕ್ರಮಕ್ಕೆ, ಅಂದರೆ ಸೈಟಿನಲ್ಲಿ ಜಾಹೀರಾತು ತೋರಿಸಿ ನಮಗೆ ಪಾಲು ಕೊಡುವ ಗೂಗಲ್ ಆ್ಯಡ್‌ಸೆನ್ಸಿಗೆ ಸೇರಿದ್ದೇನೆ. ಹೋಸ್ಟಿಂಗು, ಡೊಮೇನು, ನನ್ನ ಡೇಟಾ ಖರ್ಚು ಹುಟ್ಟಿದರೆ ಸಾಕು ಅನ್ನೋದು ನನ್ನ ಲೆಕ್ಕ. ಅದೂ ಹುಟ್ಟುತ್ತಿಲ್ಲ. ಆದರೆ ನನ್ನ ಸಂಕಟ ದುಡ್ಡಿನದು ಮಾತ್ರ ಅಲ್ಲ.

ಕಪ್ಪುತಲೆ ಹುಳುವಿನ ಬಗ್ಗೆ ಒಂದು ದೊಡ್ಡ ಲೇಖನ ಬರೆದಿದ್ದೆ. ನಮ್ಮ ತೋಟದಲ್ಲೇ ಗರಿ ಸುಟ್ಟ ಹಾಗೆ ಆಗಿತ್ತು, ಅದರ ಫೋಟೋ ಕೂಡ ಹಾಕಿದ್ದೆ. ಆ ಪುಟ ತೆರೆದು ನೋಡಿದರೆ ಮೇಲೊಂದು ಕೂದಲಿಗೆ ಬಣ್ಣ ಹಚ್ಚುವ ಜಾಹೀರಾತು, ಕೆಳಗೊಂದು ತಲೆಹೊಟ್ಟಿನ ಶಾಂಪೂ.

ಇದನ್ನು ಸಹಿಸಿಕೊಳ್ಳಬಹುದು. ಸಹಿಸೋಕೆ ಆಗದೇ ಇರೋದು ಬೇರೆ ಇದೆ. ಹೋದ ತಿಂಗಳು ನೊಣವಿನಕೆರೆ ಕಡೆಯ ಒಬ್ಬ ಅಜ್ಜ ಫೋನ್ ಮಾಡಿದರು. "ಅವ್ವಾ, ನಿನ್ನ ಪೇಪರ್‌ನಾಗೆ ಬಂದಿತ್ತಲ್ಲ ಸಾಲ ಕೊಡೋ ಕಂಪನಿ, ಅದು ಒಳ್ಳೇದಾ?" ಅಂದರು. ಅವರು ಆಗಲೇ ಆ ಆ್ಯಪು ಹಾಕಿಕೊಂಡು, ಫೋಟೋ ಕೊಟ್ಟು, ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಒಪ್ಪಿಗೆ ಒತ್ತಿಬಿಟ್ಟಿದ್ದರು. ಈಗ ಅವರ ಮಗಳ ಗಂಡನ ಮನೆಗೆ ಬೆದರಿಕೆ ಫೋನ್ ಹೋಗುತ್ತಿದೆ. ಅವರಿಗೆ ನಾನು ಬರೆದ ರೇಟೂ ಒಂದೇ, ಅದರ ಕೆಳಗಿನ ಜಾಹೀರಾತೂ ಒಂದೇ. ಎರಡೂ "ನಿನ್ನ ಪೇಪರ್". ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪುಟದಲ್ಲಿ ಏನಿದೆಯೋ ಅದಕ್ಕೆ ತಕ್ಕ ಜಾಹೀರಾತು ಮಾತ್ರ ಹಾಕುವ ಕಾರ್ಯಕ್ರಮ ಕನ್ನಡಕ್ಕೆ ಇದೆಯಾ? ಇದ್ದರೆ ನನ್ನಂಥ ಸೈಟಿಗೆ ಎಷ್ಟು ಬರಬಹುದು? ಅನುಭವ ಇದ್ದವರು ದಯವಿಟ್ಟು ಹೇಳಿ.

ಪಾವಗಡ ಬಿಸಿಲು

ಅಕ್ಕಾ, ಮೊದಲು ಆ ಅಜ್ಜನಿಗೆ 1930ಕ್ಕೆ ಫೋನ್ ಮಾಡೋಕೆ ಹೇಳಿ. ಸೈಬರ್ ಅಪರಾಧದ ಸಹಾಯವಾಣಿ ಅದು. ಸಾಲದ ಆ್ಯಪುಗಳು ಫೋನಿನ ಕಾಂಟ್ಯಾಕ್ಟು, ಕಾಲ್ ಪಟ್ಟಿ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕು 2022ರಲ್ಲೇ ನಿಯಮ ಮಾಡಿದೆ. ಮುಟ್ಟಿದೆ ಅಂದರೆ ಅದೇ ಒಂದು ದೂರು. ಬಂದ ಮೆಸೇಜು ಯಾವುದನ್ನೂ ಅಳಿಸಬಾರದು, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಲಿ. ಜಾಹೀರಾತಿನ ಮಾತು ಆಮೇಲೆ ಆಡೋಣ.

ತಿಪಟೂರು ತೆಂಗು

ಅವರ ಮೊಮ್ಮಗನಿಗೆ ಈಗಲೇ ಹೇಳಿದೆ. ತುಂಬಾ ಥ್ಯಾಂಕ್ಸ್ ಅಣ್ಣ.

ಕ್ಯಾತ್ಸಂದ್ರದವ

ಮೇಡಂ, ನಾನು ತುಮಕೂರಿನಲ್ಲಿ ಸಣ್ಣಪುಟ್ಟ ಸೈಟುಗಳನ್ನು ಕಟ್ಟಿಕೊಡುವವನು. ಈ ಜಾಹೀರಾತು ಹೇಗೆ ಬಂದು ಕೂರುತ್ತದೆ ಅನ್ನೋದನ್ನು ಮೊದಲು ಹೇಳುತ್ತೇನೆ. ಅದು ಗೊತ್ತಾದರೆ ಅರ್ಧ ಪ್ರಶ್ನೆ ಕರಗುತ್ತದೆ.

ಜಾಹೀರಾತು ಎರಡು ದಾರಿಯಲ್ಲಿ ಬರುತ್ತದೆ. ಒಂದು, ಪುಟ ನೋಡಿ ಬರುವುದು. ಕಂಪನಿಯ ಯಂತ್ರ ನಿಮ್ಮ ಪುಟ ಓದುತ್ತದೆ, ತೆಂಗು, ಹುಳು, ಗರಿ ಅನ್ನೋ ಪದಗಳನ್ನು ಹಿಡಿಯುತ್ತದೆ, ಆ ವಿಷಯಕ್ಕೆ ದುಡ್ಡು ಕೂಗುವವರನ್ನು ಹರಾಜಿಗೆ ಕರೆಯುತ್ತದೆ. ನಿಮ್ಮ ಕೊಬ್ಬರಿ ಹರಾಜಿನ ಹಾಗೇ, ಆದರೆ ಪುಟ ತೆರೆಯುವಷ್ಟರಲ್ಲಿ ಮುಗಿದು ಹೋಗಿರುತ್ತದೆ. ಇದನ್ನೇ ಕಾಂಟೆಕ್ಸ್ಚುವಲ್ ಅನ್ನುವುದು. ಇನ್ನೊಂದು, ಓದುವವರನ್ನು ನೋಡಿ ಬರುವುದು. ಅವರು ನಿನ್ನೆ ಸಾಲದ ಬಗ್ಗೆ ಹುಡುಕಿದ್ದರೆ ಇವತ್ತು ನಿಮ್ಮ ತೆಂಗಿನ ಪುಟದಲ್ಲೂ ಸಾಲದ ಜಾಹೀರಾತೇ. ಗೂಗಲ್ ಆ್ಯಡ್‌ಸೆನ್ಸ್ 2003ರಲ್ಲಿ ಶುರುವಾದಾಗ ಅದರ ಬಂಡವಾಳವೇ ಮೊದಲನೇ ದಾರಿ. ಈಗ ಎರಡನ್ನೂ ಬೆರೆಸಿ ಹಾಕುತ್ತಾರೆ. ನಿಮ್ಮ ಸೆಟ್ಟಿಂಗಿನಲ್ಲಿ ವೈಯಕ್ತಿಕ ಜಾಹೀರಾತು ಬೇಡ ಅಂತ ಆರಿಸಬಹುದು. ಆಗ ಪುಟ ಮತ್ತು ಊರು ನೋಡಿ ಮಾತ್ರ ಬರುತ್ತವೆ. ದುಡ್ಡು ಸ್ವಲ್ಪ ಕಡಿಮೆಯಾಗಬಹುದು, ನೆನಪಿರಲಿ.

ಕೂದಲ ಬಣ್ಣ ಯಾಕೆ ಬಂತು? "ಕಪ್ಪು", "ತಲೆ", "ತೆಂಗು" ಮೂರೂ ಒಂದೇ ಕಡೆ ಕಂಡರೆ ಯಂತ್ರ ಎಣ್ಣೆ, ಕೂದಲು ಅಂತ ಅಂದುಕೊಂಡಿರಬಹುದು. ನೀವೇ ಅಂಥದ್ದೇನಾದರೂ ಹುಡುಕಿದ್ದರೂ ಬಂದಿರಬಹುದು. ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಅಂದರೆ ನಿಮ್ಮ ಹಳೇ ಹುಡುಕಾಟದ ನೆನಪಿಲ್ಲದ ಕಿಟಕಿಯಲ್ಲಿ, ಒಮ್ಮೆ ತೆರೆದು ನೋಡಿ.

ಎರಡು ವಿಷಯ ಹೇಳಿ. ನಿಮ್ಮ ರೇಟಿನ ಪಟ್ಟಿ ಅಕ್ಷರದಲ್ಲಿದೆಯಾ, ಚಿತ್ರವಾ? ಹಳೇ ಲೇಖನ ಯಾವುದರಲ್ಲಿ ಟೈಪ್ ಮಾಡಿದ್ದು?

ತಿಪಟೂರು ತೆಂಗು

ರೇಟು ಚಿತ್ರ. ವಾಟ್ಸಾಪಿಗೆ ಅಂತ ಫೋನಿನಲ್ಲಿ ಚೆಂದದ ಕಾರ್ಡ್ ಮಾಡುತ್ತೇನೆ, ಅದನ್ನೇ ಸೈಟಿಗೂ ಹಾಕುತ್ತೇನೆ. ಹಳೇ ಲೇಖನಗಳನ್ನು ನಮ್ಮ ಮಾವನವರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಟ್ಟಿದ್ದು. ಸೈಟಿನಲ್ಲಿ ಆ ಫಾಂಟೇ ಕೂರಿಸಿದ್ದೇವೆ, ಅದಕ್ಕೇ ಸರಿಯಾಗಿ ಕಾಣುತ್ತದೆ. ಇನ್‌ಕಾಗ್ನಿಟೊದಲ್ಲಿ ನೋಡಿದೆ. ಆಗಲೂ ಶಾಂಪೂನೇ.

ಕೋಲಾರ ಮಂಡಿ

ಅಕ್ಕಾ, ಸಿಕ್ಕಿತು ನೋಡಿ ಮೂಲ! ನಾನು ಇದೇ ಹಳ್ಳದಲ್ಲಿ ಬಿದ್ದು ಎದ್ದವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನದು ಟೊಮೇಟೊ, ತರಕಾರಿ ಬೆಳೆಯುವವರ ಸೈಟು. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಕ್ರೇಟಿನ ರೇಟು ದಿನಾ ಹಾಕುತ್ತೇನೆ. ಮೊದಲು ಒಂದು ಸಣ್ಣ ಪತ್ರಿಕೆಗೆ ಬರೆಯುತ್ತಿದ್ದೆ, ಅಲ್ಲಿದ್ದ ಲೇಖನಗಳೆಲ್ಲ ಹಳೇ ನುಡಿ ಫಾಂಟಿನವು. ಹಾಗೇ ತಂದು ಸೈಟಿಗೆ ಸುರಿದೆ. ಕಣ್ಣಿಗೆ ಕನ್ನಡ. ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಳೇ ನುಡಿ, ಬರಹ ಫಾಂಟುಗಳಲ್ಲಿ ಕನ್ನಡ ಅಕ್ಷರಕ್ಕೆ ಅದರದೇ ಆದ ಗುರುತಿಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಫಾಂಟು ತೆಗೆದರೆ ಉಳಿಯೋದು ಅರ್ಥವಿಲ್ಲದ ಗುಪ್ಪೆ. ಯಂತ್ರಕ್ಕೆ ಕಾಣೋದು ಆ ಗುಪ್ಪೆಯೇ. ಅದು ತೆಂಗು ಅಂತ ಹೇಗೆ ಓದೀತು? ಗೂಗಲ್‌ನಲ್ಲಿ ಹುಡುಕಿದರೂ ಆ ಲೇಖನ ಸಿಗೋದಿಲ್ಲ, ಅಲ್ವಾ?

ಒಂದು ಮಳೆಗಾಲ ಪೂರ್ತಿ ಕೂತು ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿದೆ, ಅದರಲ್ಲಿ ಕನ್ನಡ ಅಕ್ಷರಕ್ಕೆ ಅದರದೇ ಗುರುತಿದೆ. ಪರಿವರ್ತಕಗಳಿವೆ, ನುಡಿ ತಂತ್ರಾಂಶದಲ್ಲೇ ಒಂದಿದೆ. ಆದರೆ ನಂಬಿಕೊಂಡು ಹಾಗೇ ಬಿಡಬೇಡಿ. ಅರ್ಕಾವತ್ತು ಇರುವ ಪದಗಳು ಕೆಡುತ್ತವೆ. ನನ್ನ ಲೇಖನದಲ್ಲಿ "ಮಾರ್ಗ", "ವರ್ಷ" ಎಲ್ಲ ಅಡಿಮೇಲಾಗಿದ್ದವು. ಒತ್ತಕ್ಷರ ಕೆಲವು ಕಡೆ ಒಂದು ಅಕ್ಷರ ಹಿಂದಕ್ಕೆ ಹೋಗಿ ಕೂತಿದ್ದವು. ಸೊನ್ನೆಯ ಅಂಕಿ ಇರಬೇಕಾದ ಕಡೆ ಅನುಸ್ವಾರ ಬಂದು, ಔಷಧಿಯ ಪ್ರಮಾಣವೇ ತಪ್ಪಿತ್ತು. ಅದು ಅಪಾಯ. ಅಂಕಿಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿ.

ಹೀಗೆ ಮಾಡಿದ ಮೇಲೆ ಕೆಲವೇ ವಾರಗಳಲ್ಲಿ ಜಾಹೀರಾತು ಬದಲಾಯಿತು. ಹನಿ ನೀರಾವರಿ ಪೈಪು, ಮಲ್ಚಿಂಗ್ ಪೇಪರು, ಬೀಜದ ಕಂಪನಿ, ಟ್ರ್ಯಾಕ್ಟರು. ಓದುವವರಿಗೂ ಅದು ಬೇಕಾದದ್ದೇ. ಹುಡುಕಿ ಬರುವವರೂ ಜಾಸ್ತಿಯಾದರು, ಅದು ಜಾಹೀರಾತಿಗಿಂತ ದೊಡ್ಡ ಲಾಭ.

ಇನ್ನೊಂದು ಮಾತು, ರೇಟಿನ ಪುಟದಿಂದ ದುಡ್ಡು ನಿರೀಕ್ಷೆ ಮಾಡಬೇಡಿ. ನನ್ನ ಸೈಟಿಗೆ ಬರುವವರಲ್ಲಿ ಮುಕ್ಕಾಲು ಜನ ಬೆಳಗ್ಗೆ ರೇಟು ನೋಡಿ ತಕ್ಷಣ ಮುಚ್ಚುತ್ತಾರೆ. ಅವರು ಮಂಡಿಗೆ ಗಾಡಿ ಹೊರಡಿಸುವ ಆತುರದಲ್ಲಿರುತ್ತಾರೆ. ಆದರೆ "ಡ್ರಿಪ್ ಫಿಲ್ಟರ್ ತೊಳೆಯುವುದು ಹೇಗೆ" ಅನ್ನೋ ಒಂದು ಲೇಖನ ಇದೆ. ನೋಡುವವರು ಕಡಿಮೆ, ಆದರೆ ನಿಧಾನವಾಗಿ ಓದುತ್ತಾರೆ. ಸಾವಿರ ವೀಕ್ಷಣೆಗೆ ಲೆಕ್ಕ ಹಾಕಿದರೆ ಅದು ರೇಟಿನ ಪುಟದ ಹಲವು ಪಟ್ಟು ದುಡಿಯುತ್ತದೆ. ಜನ ಬರೋಕೆ ರೇಟು, ದುಡಿಯೋಕೆ ಲೇಖನ. ಎರಡೂ ಬೇಕು.

ಶಿಡ್ಲಘಟ್ಟ ಗೂಡು

ಕೋಲಾರದ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಾನು ರೇಷ್ಮೆ ಬಗ್ಗೆ ಬರೆಯುತ್ತೇನೆ. ಬೇರೆ ಕಾರ್ಯಕ್ರಮಗಳ ಬಗ್ಗೆ ನೋಡಿದ್ದನ್ನು ಹೇಳಿಬಿಡುತ್ತೇನೆ.

ಮೀಡಿಯಾ ಡಾಟ್ ನೆಟ್ ಅಂತ ಇದೆ. ಪುಟದ ವಿಷಯ ನೋಡಿಯೇ ಜಾಹೀರಾತು ಹಾಕುವುದರಲ್ಲಿ ಹೆಸರು ಮಾಡಿದ್ದು, ಯಾಹೂ-ಬಿಂಗ್ ಜೊತೆ ಬೆಳೆದಿದ್ದು, ಕಟ್ಟಿದವರೂ ನಮ್ಮ ದೇಶದವರೇ. ಆದರೆ ಅದರ ಬಲ ಇರೋದು ಇಂಗ್ಲಿಷಿನಲ್ಲಿ, ಅಮೆರಿಕ, ಇಂಗ್ಲೆಂಡ್, ಕೆನಡಾದ ಓದುಗರ ಮೇಲೆ. ಮೀಡಿಯಾವೈನ್ ಬಹಳ ಕಾಲ ತಿಂಗಳಿಗೆ 50,000 ಸೆಷನ್ (ಓದುಗರ ಭೇಟಿ) ಕೇಳುತ್ತಿತ್ತು, ಅದಕ್ಕೂ ಹೊರದೇಶದ ಇಂಗ್ಲಿಷ್ ಓದುಗರೇ ಬೇಕು. ಇನ್ಫೋಲಿಂಕ್ಸ್ ನಿಮ್ಮ ಸಾಲಿನೊಳಗಿನ ಪದಕ್ಕೇ ಗೆರೆ ಎಳೆದು ಜಾಹೀರಾತು ಕಟ್ಟುತ್ತದೆ. ನಮ್ಮ ಓದುಗರು ಅದನ್ನು ನಾವೇ ಕೊಟ್ಟ ಕೊಂಡಿ ಅಂದುಕೊಳ್ಳುತ್ತಾರೆ. ಆ ಅಜ್ಜನ ಕಥೆ ಓದಿದ ಮೇಲೆ ಅದು ಬೇಡವೇ ಬೇಡ ಅನ್ನಿಸುತ್ತದೆ.

ಕೆಲವು ಕಾರ್ಯಕ್ರಮ ನಿಂತೂ ಹೋಗಿವೆ. ಯಾಹೂದ ಪಬ್ಲಿಷರ್ ನೆಟ್‌ವರ್ಕ್ 2010ರಲ್ಲಿ ಮುಚ್ಚಿತು, ಚಿಟಿಕಾ 2019ರಲ್ಲಿ ಮುಚ್ಚಿತು. ಒಂದನ್ನೇ ನಂಬಿ ಮನೆ ಕಟ್ಟಬಾರದು ಅನ್ನೋದಕ್ಕೆ ಹೇಳಿದೆ.

ಕೊನೆಗೆ ಕನ್ನಡಕ್ಕೆ ಉಳಿಯೋದು ಆ್ಯಡ್‌ಸೆನ್ಸೇ. ಅದು ಹಿಂದಿಯನ್ನು 2014ರ ಕೊನೆಗೆ ಸೇರಿಸಿಕೊಂಡಿತು. ಬಂಗಾಳಿ, ತಮಿಳು, ತೆಲುಗು ಒಂದೊಂದಾಗಿ ಬಂದವು. ಈಗ ಆ ಪಟ್ಟಿಯಲ್ಲಿ ಕನ್ನಡವೂ ಇದೆ.

ನಾನು ಸುಟ್ಟುಕೊಂಡ ಕೈಯನ್ನೂ ತೋರಿಸುತ್ತೇನೆ. "ಎಲ್ಲ ಭಾಷೆಗೂ ಒಪ್ಪಿಗೆ, ಅವತ್ತೇ ಅಪ್ರೂವಲ್" ಅಂತ ಒಂದು ನೆಟ್‌ವರ್ಕು ಬಂತು. ಹೆಸರು ಬೇಡ. ಕೋಡು ಹಾಕಿದ ಎರಡನೇ ದಿನದಿಂದ, ಓದುವವರು ಪುಟದಲ್ಲಿ ಎಲ್ಲಿ ಮುಟ್ಟಿದರೂ ಇನ್ನೊಂದು ಕಿಟಕಿ ತೆರೆಯತೊಡಗಿತು. "ನಿಮ್ಮ ಫೋನಿಗೆ ವೈರಸ್ ಬಂದಿದೆ" ಅಂತ ಕೆಂಪಕ್ಷರ. ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ಒಬ್ಬರು ರೀಲರು ನನ್ನನ್ನು ನಿಲ್ಲಿಸಿ, "ಏನಪ್ಪಾ, ನಿನ್ನ ಸೈಟು ತೆಗೆದರೆ ನನ್ನ ಫೋನು ಕೂಗುತ್ತೆ" ಅಂದರು. ತಲೆ ತಗ್ಗಿಸಿದೆ. ಅವತ್ತೇ ಕಿತ್ತು ಹಾಕಿದೆ. ಮೂರು ತಿಂಗಳ ದುಡ್ಡು ಬಾಕಿ ಇತ್ತು, ಬರಲೇ ಇಲ್ಲ.

ಶಿರಾ ಪಿಯುಸಿ

ನಾನು ಸೆಕೆಂಡ್ ಪಿಯುಸಿ. ಕ್ರಿಕೆಟ್ ಬಗ್ಗೆ ಬ್ಲಾಗ್ ಇದೆ. ನಾನೂ ಹಾಕಬಹುದಾ? ಫ್ರೆಂಡ್ಸ್ ಎಲ್ಲ ದಿನಾ ಕ್ಲಿಕ್ ಮಾಡುತ್ತೇವೆ ಅಂದಿದ್ದಾರೆ.

ಕ್ಯಾತ್ಸಂದ್ರದವ

ತಮ್ಮಾ, 18 ತುಂಬಬೇಕು. ಅಲ್ಲಿಯವರೆಗೆ ಅಪ್ಪ ಅಥವಾ ಅಮ್ಮನ ಹೆಸರಲ್ಲಿ ಖಾತೆ ಇರಬೇಕು. ಫ್ರೆಂಡ್ಸ್‌ಗೆ ಮಾತ್ರ ಈಗಲೇ ಹೇಳು, ಒಂದೂ ಕ್ಲಿಕ್ ಮಾಡಬೇಡಿ ಅಂತ. ಸ್ವಂತ ಕ್ಲಿಕ್ಕು, ಹೇಳಿ ಮಾಡಿಸಿದ ಕ್ಲಿಕ್ಕು ಎಲ್ಲ ಗೊತ್ತಾಗುತ್ತದೆ. ಖಾತೆ ಮುಚ್ಚಿದರೆ ಮತ್ತೆ ತೆರೆಸೋದು ಬಹಳ ಕಷ್ಟ. ಪ್ರೀತಿಯಿಂದ ಮಾಡಿದರೂ ಅದು ವಂಚನೆ ಅಂತಲೇ ಲೆಕ್ಕ.

ಲೆಕ್ಕದ ಮನೆ

ತುಮಕೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಇಂಥ ಹತ್ತಾರು ಜನ ಬರುತ್ತಾರೆ, ಹಾಗಾಗಿ ದುಡ್ಡು ಕೈಗೆ ಬರುವ ದಾರಿಯ ಬಗ್ಗೆ ನಾಲ್ಕು ಮಾತು.

ಆ್ಯಡ್‌ಸೆನ್ಸಿನಲ್ಲಿ 10 ಡಾಲರ್ ಆದಾಗ ಮನೆ ವಿಳಾಸಕ್ಕೆ ಟಪಾಲಿನಲ್ಲಿ ಒಂದು ಪಿನ್ ಬರುತ್ತದೆ. ಹಳ್ಳಿಯವರು ಇಲ್ಲೇ ಸಿಕ್ಕಿಕೊಳ್ಳೋದು. ವಿಳಾಸದಲ್ಲಿ ಮನೆಯ ಯಜಮಾನರ ಹೆಸರು, ಅಂಚೆ ಊರು, ತಾಲ್ಲೂಕು, ಫೋನ್ ನಂಬರು ಎಲ್ಲ ಬರೆಯಿರಿ. ಪೋಸ್ಟ್‌ಮ್ಯಾನ್‌ಗೆ ಮೊದಲೇ ಒಂದು ಮಾತು ಹೇಳಿಡಿ. ನನ್ನ ಹತ್ತಿರ ಬಂದ ಒಬ್ಬರು ಡೋರ್ ನಂಬರಿನ ಜಾಗದಲ್ಲಿ ಸರ್ವೆ ನಂಬರು ಬರೆದಿದ್ದರು, ಎರಡು ಸಲ ಕಾಗದ ವಾಪಸ್ ಹೋಯಿತು. ನಾಲ್ಕು ತಿಂಗಳೊಳಗೆ ಪಿನ್ ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ.

100 ಡಾಲರ್ ತುಂಬಿದ ಮೇಲೆ ಮುಂದಿನ ತಿಂಗಳು 21ರಿಂದ 26ರೊಳಗೆ ದುಡ್ಡು ಕಳಿಸುತ್ತಾರೆ. ಹೊರದೇಶದಿಂದ ಬರುವ ಹಣ ಆದ್ದರಿಂದ ಸ್ವಿಫ್ಟ್ ಕೋಡ್ ಬೇಕು. ಸಣ್ಣ ಶಾಖೆಗೆ ಅದು ಇರೋದಿಲ್ಲ, ಅದೇ ಬ್ಯಾಂಕಿನ ದೊಡ್ಡ ಶಾಖೆಯದು ಕೇಳಿ ತೆಗೆದುಕೊಳ್ಳಿ. ಬ್ಯಾಂಕಿನವರು ಯಾವ ಉದ್ದೇಶದ ಹಣ ಅಂತ ಕೇಳುತ್ತಾರೆ. ಜಾಹೀರಾತಿನದು ಅನ್ನಿ, ಅದಕ್ಕೆ ಪಿ1007 ಅನ್ನೋ ಸಂಕೇತ ಇದೆ. ಬಂದ ದುಡ್ಡು ಎಷ್ಟೇ ಸಣ್ಣದಾದರೂ ಆದಾಯ ತೆರಿಗೆ ವಿವರದಲ್ಲಿ ತೋರಿಸಬೇಕು. ಬ್ಯಾಂಕು ಕೊಡುವ ವಿದೇಶಿ ಹಣದ ರಶೀದಿ ಜೋಪಾನ.

ಇನ್ನು ಪಾಲು. 2024ರ ಆರಂಭದಿಂದ ಅವರು ಲೆಕ್ಕ ಬದಲಿಸಿದ್ದಾರೆ. ಜಾಹೀರಾತು ಕೊಂಡುಕೊಡುವ ಕಡೆಯವರ ಕಮಿಷನ್ ಕಳೆದ ಮೇಲೆ ಉಳಿದದ್ದರಲ್ಲಿ ಶೇ. 80 ನಿಮಗೆ. ಒಟ್ಟು ನೋಡಿದರೆ ಮೊದಲಿನ ಶೇ. 68ರ ಹತ್ತಿರವೇ. ಕ್ಲಿಕ್ಕಿಗೆ ಬದಲು ತೋರಿಸಿದ್ದಕ್ಕೆ ದುಡ್ಡು ಅನ್ನೋದೂ ಆವಾಗಲೇ ಬಂತು.

ತಿಪಟೂರಿನ ತಾಯಿಗೆ ಒಂದು ಸುಮ್ನೆ ಲೆಕ್ಕ, ಯಾರದೂ ನಿಜದ ಅಂಕಿಯಲ್ಲ. ಸಾವಿರ ವೀಕ್ಷಣೆಗೆ 40 ರೂಪಾಯಿ ಅಂತ ಇಟ್ಟುಕೊಳ್ಳಿ. 40,000 ವೀಕ್ಷಣೆಗೆ 1,600 ರೂಪಾಯಿ. 100 ಡಾಲರ್ ಮುಟ್ಟೋಕೆ ಐದಾರು ತಿಂಗಳು. ವರ್ಷಕ್ಕೆ ಎರಡು ಸಲ ದುಡ್ಡು ನೋಡುತ್ತೀರಿ. ದಸರಾ, ದೀಪಾವಳಿ ಹೊತ್ತಿಗೆ ಏರುತ್ತದೆ, ಜನವರಿಯಲ್ಲಿ ಇಳಿಯುತ್ತದೆ. ಗಾಬರಿ ಬೇಡ.

ಗೌರಿಬಿದನೂರು ಮೇಷ್ಟ್ರು

ನನ್ನದು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಲೆಕ್ಕದ ಪಾಠ ಹೇಳುವ ಸೈಟು. ಮಾರ್ಚ್ ತಿಂಗಳಲ್ಲಿ ಓದುವವರು ಉಕ್ಕುತ್ತಾರೆ, ಜೂನ್‌ನಲ್ಲಿ ಬಿಕೋ ಅನ್ನುತ್ತದೆ.

ನಾನು ವೈಯಕ್ತಿಕ ಜಾಹೀರಾತು ಪೂರ್ತಿ ಬಂದ್ ಮಾಡಿದ್ದೇನೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣೆ ಕಾನೂನಿನಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ಓಡಾಟ ಹಿಂಬಾಲಿಸಿ, ಅವರನ್ನೇ ಗುರಿ ಮಾಡಿ ಜಾಹೀರಾತು ಹಾಕಬಾರದು ಅಂತ ಅದರಲ್ಲಿದೆ. ಕಾನೂನು ಇಲ್ಲದಿದ್ದರೂ ನಾನು ಬಂದ್ ಮಾಡುತ್ತಿದ್ದೆ. ಹದಿನೈದು ವರ್ಷದ ಮಗು ತ್ರಿಕೋನಮಿತಿ ಓದುವಾಗ ಪಕ್ಕದಲ್ಲಿ ಜೂಜಿನ ಆಟ ಕುಣಿಯೋದನ್ನು ನನ್ನ ಕೈಯಲ್ಲಿ ನೋಡೋಕೆ ಆಗೋದಿಲ್ಲ. ದುಡ್ಡಿನ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನು 2025ರ ಆಗಸ್ಟ್‌ನಲ್ಲಿ ಬಂತು, ಅಷ್ಟು ನೆಮ್ಮದಿ.

ತಿಪಟೂರು ಮೇಡಂ, ಸೆಟ್ಟಿಂಗಿನಲ್ಲಿ ವರ್ಗಗಳನ್ನು ತಡೆಯುವ ಜಾಗ ಇದೆ. ಸಾಲ, ಬೇಗ ಶ್ರೀಮಂತರಾಗಿ ಅನ್ನುವಂಥವು, ತೂಕ ಇಳಿಸುವವು, ಎಲ್ಲ ತಡೆಯಬಹುದು. ಒಂದೊಂದೇ ಜಾಹೀರಾತನ್ನು ನೋಡಿ ತೆಗೆಯುವ ಜಾಗವೂ ಇದೆ. ನಾನು ಪ್ರತಿ ಭಾನುವಾರ ಬೆಳಗ್ಗೆ ಕಾಫಿ ಹಿಡಿದು ಕೂತು ಆ ಪಟ್ಟಿ ನೋಡುತ್ತೇನೆ. ಅದನ್ನೂ ಪಾಠದ ಕೆಲಸ ಅಂತಲೇ ಎಣಿಸಿದ್ದೇನೆ.

ತಿಪಟೂರು ತೆಂಗು

ಮೇಷ್ಟ್ರೇ, ಈಗಲೇ ಒಳಗೆ ಹೋಗಿ ಸಾಲದ ವರ್ಗ ತಡೆದೆ. ಇಷ್ಟು ದಿನ ಆ ಜಾಗ ಇರೋದೇ ಗೊತ್ತಿರಲಿಲ್ಲ. ಆ ಅಜ್ಜ ಫೋನ್ ಮಾಡುವ ಮೊದಲೇ ಗೊತ್ತಾಗಬೇಕಿತ್ತು.

ಕ್ಯಾತ್ಸಂದ್ರದವ

ಹೊಡೆತ ತಿನ್ನದೆ ಯಾರೂ ಅಲ್ಲಿಗೆ ಹೋಗೋದಿಲ್ಲ ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ನಾನು ಇನ್ನೊಂದು ತೊಂದರೆ ಕಂಡೆ. ಯಾವ ಯಂತ್ರ ಪುಟ ಓದಬಹುದು ಅಂತ ಹೇಳುವ ರೋಬಾಟ್ಸ್ ಕಡತ ನಿಮ್ಮ ಸೈಟಿನಲ್ಲಿದೆ, ಅದರಲ್ಲಿ ಗೂಗಲ್ ಹುಡುಕಾಟದ ಯಂತ್ರಕ್ಕೆ ಬಾಗಿಲು ತೆರೆದು, ಜಾಹೀರಾತಿನ ಯಂತ್ರಕ್ಕೆ ಹೆಸರು ಹಿಡಿದೇ ಬಾಗಿಲು ಹಾಕಿದ್ದಾರೆ. ಈ ಎರಡನೆಯದರ ಹೆಸರು ಮೀಡಿಯಾಪಾರ್ಟ್‌ನರ್ಸ್-ಗೂಗಲ್. ಅದನ್ನು ಒಳಗೆ ಬಿಡದಿದ್ದರೆ ಪುಟ ಓದೋದು ಹೇಗೆ? ಅದಕ್ಕೂ ಅನುಮತಿ ಕೊಡಿ. ಆ್ಯಡ್ಸ್ ಡಾಟ್ ಟಿಎಕ್ಸ್‌ಟಿ ಕಡತವೂ ಇಲ್ಲ. ನಿಮ್ಮ ಜಾಗ ಮಾರುವ ಹಕ್ಕು ಯಾರಿಗಿದೆ ಅಂತ ಹೇಳುವ ಚೀಟಿ ಅದು, 2017ರಿಂದ ಇದೆ. ಒಂದೇ ಸಾಲು, ಹಾಕಿಬಿಡಿ.

ಪೂರ್ತಿ ಪರದೆ ಮುಚ್ಚುವ ಜಾಹೀರಾತನ್ನು, ಗೂಗಲ್ ತಾನೇ ಜಾಗ ಹುಡುಕಿ ಜಾಹೀರಾತು ಕೂರಿಸುವ ಆಟೋ ಸೆಟ್ಟಿಂಗಿನಲ್ಲಿ ಬಂದ್ ಮಾಡಿ. ರೇಟಿನ ಪಟ್ಟಿಗೆ ತಾಕಿಸಿಕೊಂಡು ಜಾಹೀರಾತು ಇಡಬೇಡಿ. ಬೆರಳು ತಪ್ಪಿ ಬಿದ್ದ ಕ್ಲಿಕ್ಕು ನಿಮಗೂ ಕೇಡು. ಜಾಹೀರಾತಿನ ಜಾಗಕ್ಕೆ ಮೊದಲೇ ಎತ್ತರ ಕಾದಿರಿಸಿ. ಇಲ್ಲದಿದ್ದರೆ ಓದುತ್ತಿರುವ ಸಾಲು ದಡಕ್ಕನೆ ಕೆಳಗೆ ಜಾರುತ್ತದೆ. ಗೂಗಲ್ ಆ ಜಾರುವಿಕೆಯನ್ನೂ ಅಳೆದು ಅಂಕ ಕೊಡುತ್ತದೆ, ಅದು 0.1ರೊಳಗೆ ಇರಬೇಕು.

ಪಾವಗಡ ಬಿಸಿಲು

ನನಗೆ ಇನ್ನೊಂದು ಅನ್ನಿಸುತ್ತದೆ. ಯಂತ್ರದ ಮೂಲಕ ಯಾಕೆ ಹೋಗಬೇಕು? ಪುಟಕ್ಕೆ ತಕ್ಕ ಜಾಹೀರಾತು ಅಂದರೆ ನಿಮ್ಮ ಊರಿನ ಡ್ರಿಪ್ ಅಂಗಡಿಯೇ ಅಲ್ವಾ? ಜಾತ್ರೆಯ ಕರಪತ್ರದ ಕೆಳಗೆ ಊರ ಅಂಗಡಿಗಳ ಹೆಸರು ಹಾಕುತ್ತಿರಲಿಲ್ಲವಾ, ಅದೇ ಲೆಕ್ಕ. ಗುಬ್ಬಿಯ ಒಂದು ಅಂಗಡಿ ತಿಂಗಳಿಗೆ 1,500 ಕೊಟ್ಟರೂ ಲೆಕ್ಕದ ಮನೆಯವರು ಹೇಳಿದ ದುಡ್ಡಿಗೆ ಸಮ ಆಯಿತು. ನಿಮ್ಮ ಓದುಗರೆಲ್ಲ ಆ ಸುತ್ತಿನವರೇ. ದೊಡ್ಡ ಕಂಪನಿಗೆ ನಿಮ್ಮ 40,000 ಏನೂ ಅಲ್ಲ, ಆ ಅಂಗಡಿಯವರಿಗೆ ಅದು ಇಡೀ ಗಿರಾಕಿಗಳ ಊರು.

ಕ್ಯಾತ್ಸಂದ್ರದವ

ಅಣ್ಣ, ಒಪ್ಪುತ್ತೇನೆ, ಆದರೆ ಒಂದು ಭಯ ಇದೆ. ಯಂತ್ರದ ಜಾಹೀರಾತಿನಲ್ಲಿ ಯಾರು ದುಡ್ಡು ಕೊಟ್ಟರು ಅಂತ ಬರೆಯುವವರಿಗೆ ಗೊತ್ತಿರೋದಿಲ್ಲ. ಅದೊಂದು ರಕ್ಷಣೆ. ನಾಳೆ ಔಷಧಿ ಅಂಗಡಿಯವರು ತಿಂಗಳಿಗೆ 2,000 ಕೊಡುತ್ತಾರೆ ಅನ್ನಿ. "ಈ ಔಷಧಿ ಹೊಡೆಯಬೇಡಿ" ಅಂತ ಬರೆಯುವ ಕೈ ತಡೆಯುವುದಿಲ್ಲವಾ?

ತಿಪಟೂರು ತೆಂಗು

ನೀವು ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಇದನ್ನು ಎರಡು ದಿನ ಯೋಚಿಸಿದೆ.

ಕಪ್ಪುತಲೆ ಹುಳುವಿಗೆ ನಾನು ಬರೆದಿರೋದು ಪರತಂತ್ರ ಜೀವಿ ಬಿಡಿ ಅಂತ. ಗೋನಿಯೋಜಸ್ ಅನ್ನೋ ಸಣ್ಣ ಕಣಜ, ಇರುವೆಯಷ್ಟೂ ಇಲ್ಲ. ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಅದನ್ನೇ ತಿಂದು ಬೆಳೆಯುತ್ತದೆ. ನಮ್ಮ ತೋಟಕ್ಕೆ ತಂದಾಗ ಬಾಟಲಿ ಬಾಯಿ ತೆರೆದು ಮರದ ಬುಡದಲ್ಲಿ ಹಿಡಿದುಕೊಂಡಿದ್ದೆ. ಒಂದೊಂದೇ ಅಂಚಿಗೆ ಬಂದು, ಸ್ವಲ್ಪ ಹೊತ್ತು ಕೂತು, ಹಾರಿ ಹೋದವು. ಅದೇ ಮರಕ್ಕೆ ಮೇಲಿಂದ ವಿಷ ಹೊಡೆದರೆ ಆ ಕಣಜವೂ ಸಾಯುತ್ತದೆ.

ಈಗ ಯೋಚನೆ ಮಾಡಿ. ಎಲ್ಲ ಸರಿಯಾಗಿ, ಯಂತ್ರ ನನ್ನ ಕನ್ನಡ ಚೆನ್ನಾಗಿ ಓದಿ, ಹುಳು ಅನ್ನೋದನ್ನು ಹಿಡಿದರೆ ಏನು ಜಾಹೀರಾತು ಹಾಕುತ್ತದೆ? ಕೀಟನಾಶಕದ್ದು. ಅದೇ ಪುಟಕ್ಕೆ ತಕ್ಕ ಜಾಹೀರಾತು. ನನ್ನ ಲೇಖನ ಬೇಡ ಅನ್ನುವುದನ್ನೇ ಅದು ಪಕ್ಕದಲ್ಲಿ ನಿಂತು ಕೊಳ್ಳಿ ಅನ್ನುತ್ತದೆ. ಅದರ ಮುಂದೆ ಶಾಂಪೂನೇ ವಾಸಿ, ಅದರಿಂದ ತೋಟಕ್ಕೆ ಹಾನಿಯಿಲ್ಲ. ಇಷ್ಟು ದಿನ ವಿಷಯಕ್ಕೆ ಹೊಂದಿದರೆ ಸಾಕು ಅಂದುಕೊಂಡಿದ್ದೆ. ಹೊಂದಬೇಕಾದ್ದು ನಾನು ಹೇಳುವ ಮಾತಿಗೆ. ಅದನ್ನು ಯಂತ್ರ ನೋಡೋದಿಲ್ಲ, ನಾನೇ ನೋಡಬೇಕು.

ಹಾಗಾಗಿ ಹೀಗೆ ಮಾಡೋಣ ಅಂತಿದ್ದೇನೆ. ರೋಗ, ಹುಳುವಿನ ಪುಟಗಳಲ್ಲಿ ಯಾವ ಜಾಹೀರಾತೂ ಇಲ್ಲ. ಅವು ದುಡಿಯದಿದ್ದರೂ ಪರವಾಗಿಲ್ಲ. ಉಳಿದ ಲೇಖನಗಳಲ್ಲಿ ಆ್ಯಡ್‌ಸೆನ್ಸ್, ಪುಟಕ್ಕೆ ಎರಡೇ ಜಾಗ, ವೈಯಕ್ತಿಕ ಜಾಹೀರಾತು ಬಂದ್. ರೇಟಿನ ಪುಟಕ್ಕೆ ಮಾತ್ರ ಊರಿನ ಜಾಹೀರಾತು. ಡ್ರಿಪ್, ನರ್ಸರಿ, ಕಾಯಿ ಸುಲಿಯುವ ಯಂತ್ರ ಇಂಥವರದು. ಔಷಧಿ ಅಂಗಡಿ ಬೇಡ. ಕೊಬ್ಬರಿ ಕೊಳ್ಳುವ ಮಂಡಿಯವರದೂ ಬೇಡ, ಅವರು ಕೊಟ್ಟ ರೇಟನ್ನೇ ನಾನು ಹಾಕೋದು, ಅವರ ದುಡ್ಡೂ ತೆಗೆದುಕೊಂಡರೆ ಬೆಳೆಗಾರ ನನ್ನನ್ನು ಯಾಕೆ ನಂಬಬೇಕು?

ಕೋಲಾರ ಮಂಡಿ

ಅಕ್ಕಾ, ಮಂಡಿಯವರದು ಬೇಡ ಅನ್ನೋದು ನನಗೆ ನಾಟಿತು. ನನ್ನ ಸೈಟಿನಲ್ಲಿ ಒಬ್ಬರದು ಇದೆ. ಅವರು ಒಳ್ಳೆಯವರೇ, ರೇಟಿನಲ್ಲಿ ಎಂದೂ ಕೈ ಹಾಕಿಲ್ಲ. ಆದರೂ ಈ ತಿಂಗಳು ಮುಗಿದ ಮೇಲೆ ನಿಲ್ಲಿಸುತ್ತೇನೆ.

ಲೆಕ್ಕದ ಮನೆ

ಊರಿನ ಅಂಗಡಿಯಿಂದ ದುಡ್ಡು ತೆಗೆದುಕೊಂಡರೆ ಬಿಲ್ಲು ಕೊಡಿ. ಕೈಬರಹದ್ದಾದರೂ ನಂಬರು, ತಾರೀಕು ಇರಲಿ. ಮೂರು ತಿಂಗಳ ದುಡ್ಡು ಮುಂಗಡ ಕೇಳಿ. ತಿಂಗಳ ಕೊನೆಗೆ ಅಲೆಯುವುದು ತಪ್ಪುತ್ತದೆ.

ತಿಪಟೂರು ತೆಂಗು

ಐದು ವಾರದ ನಂತರ ಬರೆಯುತ್ತಿದ್ದೇನೆ.

ನುಡಿಯ ಲೇಖನಗಳಲ್ಲಿ ಮೂವತ್ತೊಂದು ಯೂನಿಕೋಡಿಗೆ ಬಂದವು. ಅರ್ಕಾವತ್ತಿನ ತಪ್ಪನ್ನು ಮಾವನವರೇ ಕನ್ನಡಕ ಹಾಕಿಕೊಂಡು ಕೂತು ತಿದ್ದುತ್ತಿದ್ದಾರೆ. ಇನ್ನೂ ಅರವತ್ತು ಇವೆ. ರೇಟಿನ ಪಟ್ಟಿ ಈಗ ಅಕ್ಷರದಲ್ಲಿದೆ, ಕಾರ್ಡ್ ವಾಟ್ಸಾಪಿಗೆ ಮಾತ್ರ. ಗೊಬ್ಬರದ ಲೇಖನದಲ್ಲಿ ಮೊದಲ ಸಲ ಹನಿ ನೀರಾವರಿಯ ಜಾಹೀರಾತು ಕಂಡಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ. ದುಡ್ಡು ದೊಡ್ಡದಾಗಿ ಏರಿಲ್ಲ, ಇಳಿದೂ ಇಲ್ಲ.

ಕೆ.ಬಿ. ಕ್ರಾಸ್ ಹತ್ತಿರದ ಒಂದು ನರ್ಸರಿಯವರು ಮೂರು ತಿಂಗಳಿಗೆ ಒಪ್ಪಿದರು. ಮುಂಗಡ ಕೊಟ್ಟರು. ಅವರಿಗೆ ಒಂದೇ ಮಾತು ಹೇಳಿದೆ, ಸಸಿ ಸರಿ ಇಲ್ಲ ಅಂತ ಓದುಗರು ಹೇಳಿದರೆ ಅದನ್ನೂ ಪ್ರಕಟಿಸುತ್ತೇನೆ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತಮ್ಮ, ಬಂದು ನೋಡಿಕೊಂಡು ಹೋಗಿ" ಅಂದರು. ಹೋಗಿ ನೋಡಿಕೊಂಡು ಬಂದೆ.

ಅಜ್ಜನ ದೂರು ದಾಖಲಾಗಿದೆ. ಬೆದರಿಕೆ ಫೋನು ನಿಂತಿವೆಯಂತೆ.

ಕ್ಯಾತ್ಸಂದ್ರದವ

ತುಂಬಾ ಖುಷಿಯಾಯಿತು ಮೇಡಂ. ನರ್ಸರಿಯ ಕೊಂಡಿಗೆ ಸ್ಪಾನ್ಸರ್ಡ್ ಅನ್ನೋ ಗುರುತು, ಅಂದರೆ ಇದು ದುಡ್ಡು ಪಡೆದು ಹಾಕಿದ ಕೊಂಡಿ ಅಂತ ಹುಡುಕಾಟದ ಯಂತ್ರಕ್ಕೆ ಹೇಳುವ ಗುರುತು, ಹಾಕಿದ್ದೀರಾ? ಮೇಲೆ "ಜಾಹೀರಾತು" ಅಂತ ದಪ್ಪ ಅಕ್ಷರದಲ್ಲಿ?

ತಿಪಟೂರು ತೆಂಗು

ಎರಡೂ ಹಾಕಿದ್ದೇನೆ. "ಇದು ಜಾಹೀರಾತು, ನಾನು ಬರೆದದ್ದಲ್ಲ" ಅಂತ ಪೂರ್ತಿ ವಾಕ್ಯವೇ ಬರೆದಿದ್ದೇನೆ. ಆ ಅಜ್ಜನಿಗೆ ಓದಿಸಿ, ಅರ್ಥವಾಯಿತಾ ಅಂತ ಕೇಳಿದ ಮೇಲೆ ಹಾಕಿದ್ದು.